ತೊಂಬತ್ತು ಸುತ್ತು

ಮೂರನೇ ಬಿಟ್ಟೂ ಸುಟ್ಟಿತು.
ಮೂಗಿಗೆ ಮೊದಲು ಗೊತ್ತಾತು, ಆಮ್ಯಾಲ ಕಣ್ಣಿಗೆ:
ತುದಿ ನೀಲಿ, ನವಿಲಿನ ಕುತ್ತಿಗಿ ನೀಲಿ,
ಪ್ಲೇಟಿನ ಮ್ಯಾಲ ಬರೇ ಒಂದು ಹೊಳಿಯೋ ಗುಳಿ.

ಬ್ಯಾಡಗಿಯೊಳಗ ಮೆಣಸಿನಕಾಯಿ ಸುಗ್ಗಿ.
ಮಾರ್ಕೆಟ್ಟಿನ ಕಡೆಯಿಂದ ಗಾಳಿ ತಿರುಗಿದ್ರ
ಲೇಥಿಗೂ ಕೆಮ್ಮು ಬರತೈತಿ ಅಂತೀವಿ ನಾವು.
ಖಾರದ ಗಿರಣಿ ಚಮನಸಾಬ ಬಾಗಲದಾಗ ನಿಂತಾನ.
ಅರ್ಧ ಇಂಚು ದಪ್ಪದ ಫ್ಲ್ಯಾಂಜು ತಂದಾನ,
ಒಂದೂವರಿ ಇಂಚಿನ ತೂತು ನಾಕು ಬೇಕು ಅವಗ,
ನಾಳಿಗಲ್ಲ, ನಿನ್ನಿಗೇ.

ಈ ಡ್ರಿಲ್ಲು ಹುಬ್ಬಳ್ಳಿ ಗುಜರಿಯಿಂದ ಬಂದದ್ದು,
ನಾ ಮದುವಿ ಆದ ವರ್ಷ, ಟೆಂಪೋದಾಗ ಮಲಕೊಂಡು.
ಅದಕ್ಕ ಒಂದ ನಡಿಗಿ ಗೊತ್ತು: ಓಟ.
ಬೆಲ್ಟು ಯಾವ ಮೆಟ್ಟಲಕ್ಕ ಹಾಕಿದ್ರೂ
ಏಳ್ನೂರಾ ಇಪ್ಪತ್ತಕ್ಕಿಂತ ಕೆಳಗ ಇಳಿಯಂಗಿಲ್ಲ.

ವೇಗ ಯಂತ್ರದ್ದು, ಲಗಾಮು ಮಣಿಕಟ್ಟಿಂದು ಅಂತ
ಕಲಿಯಾಕ ಬಂದ ಹುಡುಗರಿಗೆಲ್ಲಾ ಹೇಳಿದಾವ ನಾನು.
ದ್ಯಾಮವ್ವ, ಅಜ್ಜಿ ಹೆಸರಿನ ಹುಡುಗಿ, ಐಟಿಐ ಪಾಸು,
ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.
ಚಾಕ್‌ಪೀಸು ತಗೊಂಡು ಶಟರಿನ ಮ್ಯಾಲ ಬರದ್ಳು:
ಮೋಟಾರು ಸಾವಿರದ ನಾಕ್ನೂರಾ ನಲವತ್ತು.
ನಡುವ ಒಂದು ಶಾಫ್ಟು.
ಎರಡಿಂಚಿಂದು ಎಂಟಿಂಚಿಂದನ್ನ ತಿರುವಿದ್ರ ಕಾಲು ಪಾಲು,
ಮತ್ತ ಎರಡು, ಮತ್ತ ಎಂಟು, ಕಾಲಿನೊಳಗ ಮತ್ತ ಕಾಲು.
ಕೆಳಗ ಗೆರಿ ಎಳದು: ತೊಂಬತ್ತು.
ಗೆರಿ ಸೊಟ್ಟ. ಲೆಕ್ಕ ನೆಟ್ಟಗ.

"ಇಷ್ಟು ನಿಧಾನ ಅಂದ್ರ ತೂತು ಬೀಳೂದ್ರಾಗ
ಮೆಣಸಿನಕಾಯಿ ಮತ್ತೊಂದು ಬೆಳಿ ಬರತೈತಿ" ಅಂದೆ.
ಆಕಿ ನಗಲಿಲ್ಲ. ಪುಲ್ಲಿ ಎಲ್ಲಿ ಸಿಗತಾವ ಅಂತ ಕೇಳಿದ್ಳು.

ಒಂದು ಸಿಕ್ಕಿತು ಮುರಕ ಮೇವಿನ ಮಷೀನಿನೊಳಗ,
ಇನ್ನೊಂದು ಮೋಟೆಬೆನ್ನೂರಿನ ಮುಚ್ಚಿದ ಗಿರಣಿಯೊಳಗ.
ಬೆಲ್ಟು ಓಡೋ ಕಾಲುವಿಯೊಳಗ ಜ್ವಾಳದ ಹಿಟ್ಟು
ಇನ್ನೂ ಗಟ್ಟಿಯಾಗಿ ಕುಂತಿತ್ತು.
ಕೆರದು ತಗದೆ. ಯಾರ ಮನಿ ರೊಟ್ಟಿದೋ ಏನೋ.
ಶಾಫ್ಟು ಲೇಥಿನ ಮ್ಯಾಲ ನಾನ ಹೊಡದೆ,
ಬೇರಿಂಗು ಲೂನಾ ಗಾಡಿಂದು.
ಮೋಟಾರು ಹಿಂದ ಸರಿಸಾಕ ಪಟ್ಟಿಯೊಳಗ
ಉದ್ದುದ್ದ ಸೀಳು ಬೇಕಾತು,
ಅದನ್ನೂ ಆ ಡ್ರಿಲ್ಲಿಲೆ ಕೊರದಿವಿ:
ತನ್ನ ಲಗಾಮು ತಾನ ಹೊಲಕೊಂಡ ಕುದರಿ.

ಸಂಜಿ ಆರಕ್ಕ ಸ್ವಿಚ್ಚು ಒತ್ತಿದೆ.
ಸದ್ದ ಬ್ಯಾರೆ. ಕಿರಚಾಟ ಇಲ್ಲ,
ಉಂಡ ಎತ್ತು ಮೆಲುಕು ಹಾಕಿದಂಗ.
ಚಕ್ಕು ತಿರಗೂದು ಕಣ್ಣಿಗೆ ಕಾಣತೈತಿ.
ಕೀಲಿ ಹಾಕೋ ಮೂರು ತೂತು ಒಂದರ ಹಿಂದ ಒಂದು
ಬಂದು ಮಾರಿ ತೋರಿಸಿ ಹೋಗತಾವ.

ಆವಾಗ ಕಂಡದ್ದು ಅದು.
ಸುತ್ತಿಗೊಮ್ಮೆ ಬಿಟ್ಟಿನ ತುದಿ
ಜರಾ ಆ ಕಡೆ ಹೆಜ್ಜಿ ಇಡತೈತಿ.
ಕುಂಟು.
ಓಡಿ ಓಡಿ ಮುಚ್ಚಿಟಗೊಂಡಿತ್ತು ಇಷ್ಟು ದಿನ.
ನಿಂತಾಗರ ಕೈ ಹಾಕಿ ನೋಡಬಹುದಿತ್ತು ಅನ್ನಬ್ಯಾಡ್ರಿ,
ನಿಂತ ಯಂತ್ರ ಯಾರು ನೋಡತಾರ,
ಅದು ನಿಂತ್ರ ನಾವು ಚಾಕ್ಕ ಹೋಗತೀವಿ.

ಅಂದ್ರ ಮೂವತ್ತು ವರ್ಷ ನಾ ಕೊರದ ತೂತೆಲ್ಲಾ
ಕೂದಲೆಳಿಯಷ್ಟು ದೊಡ್ಡವು.
ಕಾಗಿನೆಲಿ ರಸ್ತಾದ ಟ್ರೇಲರು, ಹಿರೇಕೆರೂರಿನ ರಾಶಿ ಮಷೀನು,
ಸಾಲಿ ಗೇಟು, ಮಸೂತಿ ನೀರಿನ ಟಾಕಿ ಸ್ಟ್ಯಾಂಡು,
ನಮ್ಮ ಮನಿ ತೊಟ್ಟಲದ ಕೊಂಡಿ ಸಹಿತ.
ಒಂದು ಬೋಲ್ಟೂ ತಕರಾರು ಮಾಡಿಲ್ಲ.
ಎರಡು ವಾಶರ್ ಹಾಕಿ ಬಿಗದವರು
ಇದ್ರ ಇದ್ದಾರು, ಬಂದು ಹೇಳಿಲ್ಲ.

ದ್ಯಾಮವ್ವಗ ತೋರಿಸಲೋ ಬ್ಯಾಡೋ ಅಂತ ನಿಂತಿದ್ದೆ.
ಆಕಿ ಆಗಲೇ ಎರಡು ಬೆರಳು ಎತ್ತಿ
ಗಾಳಿಯೊಳಗ ಅದರ ಕುಂಟು ಅಳೀತಿದ್ಳು.
"ಒಳಗಿನ ಬೇರಿಂಗು ಸವದೈತ್ರಿ ಮಾಮಾ,
ಮುಂದಿನ ವಾರ ನೋಡೂಣು."

ಫ್ಲ್ಯಾಂಜು ಬಿಗದಿವಿ. ಎಣ್ಣಿ ಹನಿಸಿದ್ಳು.
ಹೊಗಿ ಬರಲಿಲ್ಲ, ಪುಡಿ ಬರಲಿಲ್ಲ,
ಉದ್ದಕ ಒಂದ ಸುರುಳಿ ಎದ್ದು ಬಂತು
ಚಕ್ಕಲಿ ಒತ್ತಿದಂಗ, ಬೆಳ್ಳಗ, ಮುರಿಯದಂಗ.

ಚಮನಸಾಬ ಎರಡು ಸಲ ಸೀನಿ ಕೇಳಿದ: ಎಷ್ಟೊತ್ತು?
ಚಾ ಕುಡದ ಬಾ ಅಂದೆ.
ಕುಡದ ಬಂದ. ಬಿಟ್ಟು ಇನ್ನೂ ಒಳಗ ಇತ್ತು,
ತನ್ನ ಪಾಡಿಗೆ ಕುಂಟಕೋತ.
ಇನ್ನೊಂದು ಕುಡಿ ಅಂದೆ,
ನಮಗೂ ಎರಡು ಹೇಳು.